ಪ್ಲೇಗು ನಮ್ಮ ಜೀನು ಬದಲಿಸಿತೇ? ಮಲೇರಿಯಾ ಬದಲಿಸಿದ್ದು ಹೇಗೆ?

ಮಲೆನಾಡಿಗ_83

ವಾಟ್ಸಾಪಿನಲ್ಲಿ ಒಂದು ಸಂದೇಶ ಓಡಾಡುತ್ತಿದೆ. "1898ರ ಪ್ಲೇಗಿನಲ್ಲಿ ಉಳಿದುಕೊಂಡವರ ವಂಶ ನಮ್ಮದು, ಆ ಗಟ್ಟಿ ಜೀನು ನಮ್ಮ ರಕ್ತದಲ್ಲಿದೆ, ಲಂಡನ್ನಿನ ಮೂಳೆಗಳಲ್ಲಿ ಇದು ಸಾಬೀತಾಗಿದೆ" ಅಂತ. ಲಂಡನ್ ಅಂದರೆ 2022ರ ಇಆರ್‌ಎಪಿ2 (ಒಂದು ರೋಗನಿರೋಧಕ ಜೀನು) ಅಧ್ಯಯನ ಇರಬೇಕು. ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ. ಒಂದೇ ಒಂದು ಸಾಂಕ್ರಾಮಿಕ ಬಂದು ಹೋದರೆ ಜನರ ಜೀನುಗಳಲ್ಲಿ ಅಳೆಯುವಷ್ಟು ವ್ಯತ್ಯಾಸ ಆಗುತ್ತದೆಯೇ? ಬೆಂಗಳೂರು, ಮೈಸೂರು ಪ್ಲೇಗಿನ ಗುರುತು ನಮ್ಮಲ್ಲಿ ಸಿಕ್ಕೀತೇ? ಅದು ಸಿಗದಿದ್ದರೆ, ನಮ್ಮ ಕಡೆಯವರ ಜೀನಿನಲ್ಲಿ ನಿಜವಾಗಿ ಗುರುತು ಬಿಟ್ಟ ರೋಗ ಯಾವುದು?

ಪಿ_ಮೌಲ್ಯ

ಮೊದಲು ಲೆಕ್ಕ, ಆಮೇಲೆ ಲಂಡನ್.

ಒಂದು ಅಲೀಲ್, ಅಂದರೆ ಜೀನಿನ ಒಂದು ಬಗೆ, ಪ್ಲೇಗಿನಿಂದ ಕಾಪಾಡುತ್ತದೆ, ಜನರಲ್ಲಿ ಅದರ ಪ್ರಮಾಣ 30% ಅಂತ ಇಟ್ಟುಕೊಳ್ಳಿ. ಪ್ರತಿಯೊಬ್ಬರಲ್ಲೂ ಜೀನಿನ ಎರಡು ಪ್ರತಿ, ತಾಯಿಯಿಂದ ಒಂದು, ತಂದೆಯಿಂದ ಒಂದು; ಈ ಬಗೆಯ ಒಂದು ಪ್ರತಿ ಇದ್ದರೂ ಸಾಕು, ಸಾಯುವ ಸಾಧ್ಯತೆ ಅರ್ಧಕ್ಕೆ ಇಳಿಯುತ್ತದೆ ಅಂತಲೂ ಇರಲಿ. ಇದು ತುಂಬಾ ಉದಾರವಾದ ಊಹೆ. ಒಟ್ಟು ಜನಸಂಖ್ಯೆಯಲ್ಲಿ 5% ಪ್ಲೇಗಿಗೆ ಬಲಿಯಾದರು ಅನ್ನಿ. ಆಗ ಅಲೀಲ್ ಇರುವ 51% ಜನರಲ್ಲಿ ಸುಮಾರು 3.35%, ಇಲ್ಲದ 49% ಜನರಲ್ಲಿ 6.7% ಸಾಯುತ್ತಾರೆ. ಉಳಿದವರಲ್ಲಿ ಅಲೀಲಿನ ಪ್ರಮಾಣ 0.3 × 0.9665 ÷ 0.9501, ಅಂದರೆ 30.5%. ಇಷ್ಟೆಲ್ಲ ಸಾವು ನೋವು ಆದಮೇಲೆ ಏರಿದ್ದು ಶೇಕಡಾ ಅರ್ಧ!

ಅದೂ ಸತ್ತವರೆಲ್ಲ ಇನ್ನೂ ಮಕ್ಕಳಾಗದ ವಯಸ್ಸಿನವರು ಅಂದುಕೊಂಡರೆ ಮಾತ್ರ. ಮೊಮ್ಮಕ್ಕಳನ್ನು ಕಂಡು ಸತ್ತ ಅಜ್ಜನ ಸಾವಿನಿಂದ ಮುಂದಿನ ಪೀಳಿಗೆಯ ಜೀನಿನಲ್ಲಿ ಏನೂ ಬದಲಾಗುವುದಿಲ್ಲ.

ಮೈಸೂರು ಸಂಸ್ಥಾನದ ವಿಷಯದಲ್ಲಿ ಇನ್ನೊಂದು ತೊಡಕಿದೆ. ಪ್ಲೇಗಿಗೆ ಯಾರು ಸಿಕ್ಕರು, ಯಾರು ತಪ್ಪಿಸಿಕೊಂಡರು ಅನ್ನುವುದನ್ನು ಬಹಳ ಮಟ್ಟಿಗೆ ತೀರ್ಮಾನಿಸಿದ್ದು ಮನೆ, ಕಸುಬು, ಹಣ. ಇಲಿ ಬೀಳುತ್ತಿದ್ದಂತೆ ಊರಾಚೆ ಹೊಲದಲ್ಲಿ ಜೋಪಡಿ ಹಾಕಿಕೊಂಡವರು ಉಳಿದರು. ಬೆಂಗಳೂರಿನಲ್ಲಿ ಇಕ್ಕಟ್ಟಿನ ಪೇಟೆ ಬಿಟ್ಟು ಬಸವನಗುಡಿ, ಮಲ್ಲೇಶ್ವರದ ಹೊಸ ಬಡಾವಣೆಗೆ ಹೋಗಲು ಎಲ್ಲರಿಗೂ ಆಗಲಿಲ್ಲ. ಒಳಮದುವೆಯ ಸಮಾಜದಲ್ಲಿ ಒಂದು ಸಮುದಾಯದವರು ಹೆಚ್ಚು, ಇನ್ನೊಂದು ಸಮುದಾಯದವರು ಕಡಿಮೆ ಸತ್ತರೆ ಊರಿನ ಒಟ್ಟು ಲೆಕ್ಕದಲ್ಲಿ ಸಾವಿರಾರು ಅಲೀಲುಗಳ ಪ್ರಮಾಣ ಏರುಪೇರಾಗುತ್ತದೆ. ಅವುಗಳಲ್ಲಿ ಒಂದಕ್ಕೂ ಪ್ಲೇಗ್ ತಡೆಯುವ ಶಕ್ತಿ ಇರಬೇಕಾಗಿಲ್ಲ. ಪ್ಲೇಗಮ್ಮನ ಗುಡಿಗಳು ಉಳಿದಿವೆ, ಸರಿ. ಜೀನಿನಲ್ಲಿ ಗುರುತು ಹುಡುಕಿದರೆ ಈ ಗದ್ದಲದಿಂದ ಬೇರ್ಪಡಿಸಲಿಕ್ಕೆ ಆಗುವುದಿಲ್ಲ.

ಮಲೆನಾಡಿಗ_83

ಇಲ್ಲಿ 5%. ಲಂಡನ್ನಿನಲ್ಲಿ ಅರ್ಧ ಊರೇ ಖಾಲಿಯಾಯಿತಲ್ಲ ಸರ್? ಅಲ್ಲಿ ಲೆಕ್ಕ ಬೇರೆ ಆಗಬೇಕು.

ಪಿ_ಮೌಲ್ಯ

ಆಗುತ್ತದೆ. ಅಲೀಲ್ ಪ್ರಮಾಣ 50% ಇರಲಿ. ಎರಡು ಪ್ರತಿ ಇದ್ದವರಲ್ಲಿ 60%, ಒಂದು ಇದ್ದವರಲ್ಲಿ 50%, ಇಲ್ಲದವರಲ್ಲಿ 40% ಉಳಿದರು ಅಂದುಕೊಳ್ಳಿ. ಒಂದೇ ಏಟಿಗೆ 50% ಇದ್ದದ್ದು 55% ಆಗುತ್ತದೆ. ಜೀವವಿಕಾಸದ ಮಟ್ಟಿಗೆ ಇದು ಭಾರಿ ಜಿಗಿತ.

ಆದರೆ ಅದನ್ನು ಮೂಳೆಗಳಲ್ಲಿ ಕಾಣಬೇಕಲ್ಲ. ಪ್ಲೇಗಿಗೆ ಮುಂಚಿನ 50, ನಂತರದ 50 ಅಸ್ಥಿಪಂಜರ ತೆಗೆದುಕೊಂಡರೆ ಎರಡು ಗುಂಪುಗಳ ವ್ಯತ್ಯಾಸದ ಮಾನಕ ದೋಷವೇ (ಬರೀ ಆಕಸ್ಮಿಕದಿಂದ ಆಗುವ ಏರುಪೇರಿನ ಅಳತೆ) 7%. ಹುಡುಕುತ್ತಿರುವುದು 5%. ಇಂಥ ವ್ಯತ್ಯಾಸವನ್ನು ಐದರಲ್ಲಿ ನಾಲ್ಕು ಸಲವಾದರೂ ಹಿಡಿಯಬೇಕಾದರೆ ಪ್ರತಿ ಗುಂಪಿನಲ್ಲೂ 800ರ ಹತ್ತಿರ ಜನ ಬೇಕು, ಅದೂ ಡಿಎನ್‌ಎಯ ಒಂದೇ ಒಂದು ಸ್ಥಾನವನ್ನು ಪರೀಕ್ಷಿಸುವುದಾದರೆ. ನೂರಾರು ಜೀನು ಒಟ್ಟಿಗೆ ನೋಡಿದರೆ ಸಂಖ್ಯೆ ಇನ್ನೂ ಏರುತ್ತದೆ.

ಹಳೆಮೂಳೆ

ಲಂಡನ್ ಅಧ್ಯಯನ ನಿಂತಿರುವುದು ಇಲ್ಲೇ. 1348-49ರ ಪ್ಲೇಗಿಗೆಂದೇ ತೆರೆದ ಈಸ್ಟ್ ಸ್ಮಿತ್‌ಫೀಲ್ಡ್ ಸ್ಮಶಾನ, ಅದಕ್ಕೂ ಹಿಂದಿನ ಮತ್ತು ಆಮೇಲಿನ ಲಂಡನ್ ಸಮಾಧಿಗಳು, ಜೊತೆಗೆ ಡೆನ್ಮಾರ್ಕಿನ ಸಮಾಧಿಗಳು. 500ಕ್ಕೂ ಹೆಚ್ಚು ಮಾದರಿಗಳಿಂದ ಡಿಎನ್‌ಎ ತೆಗೆದರು, ಕೊನೆಗೆ ಬಳಕೆಗೆ ಬಂದದ್ದು 206. ಅದನ್ನು ಎರಡು ದೇಶ, ಮೂರು ಕಾಲಘಟ್ಟ ಅಂತ ಹಂಚಿದರೆ ಒಂದೊಂದು ಗುಂಪಿನಲ್ಲಿ ಎಷ್ಟು ಉಳಿಯಿತು ಅಂತ ನೀವೇ ಲೆಕ್ಕ ಹಾಕಿ.

ಅವರ ವಿಧಾನ ಹೀಗಿತ್ತು. ರೋಗನಿರೋಧಕ ಜೀನುಗಳಲ್ಲಿ ಪ್ಲೇಗಿನ ಮುಂಚೆ ಮತ್ತು ನಂತರದ ವ್ಯತ್ಯಾಸವನ್ನು, ಯಾವ ಕೆಲಸವೂ ಇಲ್ಲದ ತಟಸ್ಥ ಭಾಗಗಳ ವ್ಯತ್ಯಾಸದ ಪಕ್ಕಕ್ಕಿಟ್ಟು ನೋಡಿದರು. ಲಂಡನ್ನಿನಲ್ಲಿ 245 ಸ್ಥಾನಗಳು ಎದ್ದು ಕಂಡವು. ಡೆನ್ಮಾರ್ಕಿನಲ್ಲೂ ಅದೇ ದಿಕ್ಕಿಗೆ ಸರಿದು ಜರಡಿಯಲ್ಲಿ ಉಳಿದದ್ದು ನಾಲ್ಕು. ಅದರಲ್ಲೊಂದು ಇಆರ್‌ಎಪಿ2 ಜೀನಿನ ಆರ್‌ಎಸ್2549794. ರಕ್ಷಿಸುವ ಬಗೆಯ ಎರಡು ಪ್ರತಿ ಇದ್ದವರು ಬದುಕುಳಿಯುವ ಸಾಧ್ಯತೆ 40% ಹೆಚ್ಚು ಅಂತ ಅಂದಾಜಿಸಿದರು. ಪ್ರಯೋಗಾಲಯದಲ್ಲಿ ಆ ಬಗೆಯಿದ್ದವರ ಮ್ಯಾಕ್ರೋಫೇಜ್ ಕೋಶಗಳು (ರೋಗಾಣು ನುಂಗುವ ಕೋಶಗಳು) ಪ್ಲೇಗಿನ ಯೆರ್ಸಿನಿಯಾ ಪೆಸ್ಟಿಸ್ ಬ್ಯಾಕ್ಟೀರಿಯಾವನ್ನು ಚೆನ್ನಾಗಿ ಹತೋಟಿಯಲ್ಲಿಟ್ಟವು. ಇದೇ ಬಗೆ ಇಂದು ಕ್ರೋನ್ಸ್ ಎಂಬ ಕರುಳಿನ ಉರಿಯೂತದ ಕಾಯಿಲೆಯ ಅಪಾಯವನ್ನೂ ಸ್ವಲ್ಪ ಹೆಚ್ಚಿಸುತ್ತದೆ. ಪತ್ರಿಕೆಗಳು ಹಿಡಿದುಕೊಂಡದ್ದು ಈ ಕೊನೆಯ ಎರಡು ವಾಕ್ಯಗಳನ್ನು.

2023ರಲ್ಲಿ ಬೇರೆ ತಂಡವೊಂದು ಅದೇ ದತ್ತಾಂಶ ತೆಗೆದುಕೊಂಡು ಮತ್ತೆ ಲೆಕ್ಕ ಹಾಕಿತು. ಎದ್ದು ಕಂಡ ಸ್ಥಾನಗಳು ಲೆಕ್ಕಾಚಾರದ ಗದ್ದಲದಿಂದಲೂ ಹಾಗೆ ಕಾಣಬಹುದು, ಹಲವು ಪರೀಕ್ಷೆಗಳಿಗೆ ತಕ್ಕ ತಿದ್ದುಪಡಿ ಮಾಡಿದರೆ ಆ ನಾಲ್ಕೂ ನಿಲ್ಲುವುದಿಲ್ಲ ಅನ್ನುವುದು ಅವರ ತಕರಾರು. 2024ರಲ್ಲಿ ಕೇಂಬ್ರಿಜ್‌ಶೈರ್‌ನ ಮಧ್ಯಯುಗದ ಮೂಳೆಗಳ ಜೀನೋಮ್ ಬಂತು. ಅಲ್ಲೂ ಪ್ಲೇಗಿನ ಮುಂಚಿನವರಿಗೂ ನಂತರದವರಿಗೂ ರೋಗನಿರೋಧಕ ಜೀನುಗಳಲ್ಲಿ ವಿಶೇಷ ಅಂತರ ಕಾಣಲಿಲ್ಲ. ನನ್ನ ಮಟ್ಟಿಗೆ, ಮ್ಯಾಕ್ರೋಫೇಜ್ ಪ್ರಯೋಗ ಕುತೂಹಲಕಾರಿ. 1348ರಲ್ಲಿ ಆಯ್ಕೆ ನಡೆಯಿತು ಅನ್ನುವ ವಾದ ಮಾತ್ರ ಸದ್ಯಕ್ಕೆ ಬಿದ್ದಿದೆ.

ಹಳೆಯ ಡಿಎನ್‌ಎಯಲ್ಲಿ ಎಡವುವ ಜಾಗಗಳನ್ನೂ ಹೇಳಿಬಿಡುತ್ತೇನೆ, ಇಂಥ ಸುದ್ದಿ ಓದುವಾಗ ನೋಡಿಕೊಳ್ಳಲಿಕ್ಕೆ. ಮೂಳೆಯಲ್ಲಿ ಡಿಎನ್‌ಎ ತುಂಡಾಗಿರುತ್ತದೆ, ತುಂಡಿನ ತುದಿಗಳಲ್ಲಿ ಸಿ ಅಕ್ಷರ ಕೆಟ್ಟು ಟಿ ಎಂದು ಓದಿಸುತ್ತದೆ. ಯುಡಿಜಿ ಕಿಣ್ವದಿಂದ ತೊಳೆಯದಿದ್ದರೆ, ತುದಿಗಳನ್ನು ಕತ್ತರಿಸದಿದ್ದರೆ ಸಿ/ಟಿ ವ್ಯತ್ಯಾಸವಿರುವ ಸ್ಥಾನಗಳೆಲ್ಲ ಸಂಶಯಾಸ್ಪದ. ಒಂದು ಸ್ಥಾನವನ್ನು ಒಂದೇ ಸಲ ಓದಿದ್ದರೆ ಎರಡು ಬಗೆಯ ಪ್ರತಿ ಇರುವ ವ್ಯಕ್ತಿಯೂ ಒಂದೇ ಬಗೆಯವನಂತೆ ಕಾಣುತ್ತಾನೆ. ಹಾಗಾಗಿ ಜೀನೋಟೈಪನ್ನು (ಎರಡು ಪ್ರತಿಗಳು ಯಾವ ಬಗೆಯವು ಎಂಬುದನ್ನು) ಖಚಿತವಾಗಿ ಬರೆಯದೆ ಸಂಭವನೀಯತೆಯಲ್ಲಿ ಇಟ್ಟುಕೊಂಡೇ ಲೆಕ್ಕ ಮಾಡಬೇಕು. ಎಲ್ಲಕ್ಕಿಂತ ಕೆಟ್ಟದ್ದು, ಮುಂಚಿನ ಗುಂಪಿನ ಮೂಳೆ ಒಂದು ಬಗೆಯ ಮಣ್ಣಿನಿಂದ, ನಂತರದ್ದು ಇನ್ನೊಂದರಿಂದ ಬಂದು ಎರಡರ ಗುಣಮಟ್ಟ ಬೇರೆಯಾಗಿರುವುದು. ಆಗ ಕಾಣುವ ವ್ಯತ್ಯಾಸ ಪ್ಲೇಗಿನದಲ್ಲ, ಮಣ್ಣಿನದು.

ತುಂಗಾತೀರ

ಎಚ್‌ಐವಿ ಒಳಗೆ ಬಿಡದ ಸಿಸಿಆರ್5 ಡೆಲ್ಟಾ32 ಎಂಬ ಜೀನಿನ ಬಗೆ ಪ್ಲೇಗಿನಿಂದ ಹೆಚ್ಚಿತು ಅಂತ ಕಾಲೇಜಿನಲ್ಲಿ ಈಗಲೂ ಪಾಠ ಮಾಡುತ್ತಾರೆ. ಅದೂ ಹೋಯಿತಾ?

ಹಳೆಮೂಳೆ

ಅದು ಹೋಗಿ ಇಪ್ಪತ್ತು ವರ್ಷವಾಯಿತು. 1998ರ ಅಂದಾಜಿನಲ್ಲಿ ಈ 32 ಅಕ್ಷರಗಳ ಕೊರತೆ ಹುಟ್ಟಿ ಸುಮಾರು 700 ವರ್ಷ ಅಂತ ಬಂತು. 1348ಕ್ಕೆ ಹೇಳಿಮಾಡಿಸಿದ ಹಾಗಿತ್ತು, ಕಥೆ ಓಡಿತು. 2005ರಲ್ಲಿ ಹೆಚ್ಚು ವಿವರವಾದ ಜೀನು ನಕ್ಷೆ ಇಟ್ಟುಕೊಂಡು ಲೆಕ್ಕ ಹಾಕಿದಾಗ ವಯಸ್ಸು 5,000 ವರ್ಷ ದಾಟಿತು. ಕಂಚಿನ ಯುಗದ ಜರ್ಮನಿಯ ಅಸ್ಥಿಪಂಜರಗಳಲ್ಲೂ ಅದು ಸಿಕ್ಕಿತು. ಆ ಕೊರತೆಯಿರುವ ಇಲಿಗಳಿಗೆ ಪ್ಲೇಗ್ ಹಚ್ಚಿದಾಗ ವಿಶೇಷ ರಕ್ಷಣೆಯೂ ಕಾಣಲಿಲ್ಲ. ಸಿಡುಬಿನಿಂದ ಹೆಚ್ಚಿರಬಹುದು ಅನ್ನುವ ವಾದ 2003ರಿಂದ ಇದೆ, ಅದಕ್ಕೂ ನೇರ ಪುರಾವೆ ಇಲ್ಲ. ಉತ್ತರ ಯುರೋಪಿನಲ್ಲಿ ಅಲೀಲ್ ಪ್ರಮಾಣ 10%ಕ್ಕೂ ಮೇಲೆ, ನಮ್ಮಲ್ಲಿ ಬಹಳ ಅಪರೂಪ. ಎರಡೂ ಪ್ರತಿ ಕೊರತೆಯಿರುವವರಿಗೆ ವೆಸ್ಟ್ ನೈಲ್ ವೈರಸ್ ಬಂದರೆ ಕಾಯಿಲೆ ಜೋರಾಗುತ್ತದೆ. ಒಂದು ಬಾಗಿಲು ಮುಚ್ಚಿದರೆ ಪೂರ್ತಿ ಲಾಭ ಅಂತ ತಿಳಿಯಬಾರದು.

ಕೆಂಪುಕಣ

ಮೂಲ ಪ್ರಶ್ನೆಯ ಕೊನೆಯ ಭಾಗಕ್ಕೆ ಉತ್ತರ: ಮಲೇರಿಯಾ. ಒಮ್ಮೆ ಬಂದು ಹೋಗುವ ರೋಗ ಅದಲ್ಲ. ವರ್ಷ ವರ್ಷ, ನೂರಾರು ತಲೆಮಾರು, ಅದರಲ್ಲೂ ಐದು ವರ್ಷದೊಳಗಿನ ಮಕ್ಕಳನ್ನು ಕೊಲ್ಲುತ್ತಾ ಬಂದ ರೋಗ. ಪ್ಲೇಗಿನ ಲೆಕ್ಕದಲ್ಲಿ ಏನೇನು ಇಲ್ಲ ಅಂತ ಪಿ_ಮೌಲ್ಯ ಅವರು ಹೇಳಿದರೋ ಅಷ್ಟೂ ಇದರಲ್ಲಿ ಇದೆ.

ರಕ್ತಕಣದ ಕಾಯಿಲೆಯ ಜೀನು ಒಂದೇ ಪ್ರತಿ ಇದ್ದವರನ್ನು ಮಲೇರಿಯಾದಿಂದ ಉಳಿಸುತ್ತಿರಬಹುದು ಎಂಬ ಊಹೆಯನ್ನು ಥಲಸ್ಸೇಮಿಯಾ (ಹೀಮೋಗ್ಲೋಬಿನ್ ಸಾಕಷ್ಟು ತಯಾರಾಗದ ಕಾಯಿಲೆ) ವಿಷಯದಲ್ಲಿ 1949ರ ಹೊತ್ತಿಗೇ ಮುಂದಿಟ್ಟವರು ಬ್ರಿಟಿಷ್ ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್. 1957ರಲ್ಲಿ ಭಾರತಕ್ಕೇ ಬಂದು ನೆಲೆಸಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುವ ಸಿಕಲ್ ಸೆಲ್ ಕಾಯಿಲೆಯ ಬಗ್ಗೆ 1954ರಲ್ಲಿ ಪುರಾವೆ ಕೊಟ್ಟದ್ದು ಆಂಥನಿ ಆಲಿಸನ್, ಪೂರ್ವ ಆಫ್ರಿಕಾದಲ್ಲಿ. ಸಿಕಲ್ ಜೀನಿನ ಒಂದು ಪ್ರತಿ ಇರುವ 15 ಮಂದಿ, ಇಲ್ಲದ 15 ಮಂದಿ ಸ್ವಯಂಸೇವಕರಿಗೆ ಮಲೇರಿಯಾ ಸೋಂಕು ಕೊಟ್ಟರು. ಇಲ್ಲದವರಲ್ಲಿ 14 ಮಂದಿಗೆ ಪರೋಪಜೀವಿ ನೆಲೆಯೂರಿತು, ಇದ್ದವರಲ್ಲಿ ಇಬ್ಬರಿಗೆ ಮಾತ್ರ. ಇಂಥ ಪ್ರಯೋಗಕ್ಕೆ ಇಂದು ಯಾವ ನೈತಿಕ ಸಮಿತಿಯೂ ಒಪ್ಪಲಾರದು, ಅದು ಬೇರೆ ಮಾತು.

ಬದಲಾವಣೆ ಒಂದೇ ಅಕ್ಷರದ್ದು. 11ನೇ ಕ್ರೋಮೋಸೋಮಿನ ಬೀಟಾ ಗ್ಲೋಬಿನ್ ಜೀನಿನಲ್ಲಿ ಜಿಎಜಿ ಹೋಗಿ ಜಿಟಿಜಿ ಆಗುತ್ತದೆ, ಗ್ಲುಟಾಮಿಕ್ ಆಮ್ಲದ ಜಾಗಕ್ಕೆ ವ್ಯಾಲೀನ್ ಬರುತ್ತದೆ. ಒಂದು ಪ್ರತಿ ಇದ್ದವರಲ್ಲಿ ಆಮ್ಲಜನಕ ಕಡಿಮೆ ಇರುವ ಕಡೆ ಪರೋಪಜೀವಿಯ ಬೆಳವಣಿಗೆ ನಿಲ್ಲುತ್ತದೆ, ಸೋಂಕಿತ ಕಣ ರಕ್ತನಾಳದ ಗೋಡೆಗೆ ಅಂಟುವುದೂ ಕಡಿಮೆಯಾಗುತ್ತದೆ. ಸೋಂಕು ತಗಲುವುದೇ ಇಲ್ಲ ಅಂತಲ್ಲ. ತೀವ್ರ ಫಾಲ್ಸಿಪೇರಂ (ಮಾರಕ ಬಗೆಯ) ಮಲೇರಿಯಾದಿಂದ ಸಿಗುವ ರಕ್ಷಣೆ ಸುಮಾರು 90%.

ಸಮತೋಲದ ಲೆಕ್ಕ: ಜೀನು ಇಲ್ಲದವರಿಗೆ ಮಲೇರಿಯಾದಿಂದ ಆಗುವ ನಷ್ಟ ಎಸ್, ಎರಡು ಪ್ರತಿ ಇದ್ದವರಿಗೆ ಕಾಯಿಲೆಯಿಂದ ಆಗುವ ನಷ್ಟ ಟಿ. ಜೀನಿನ ಪ್ರಮಾಣ ಎಸ್ ÷ (ಎಸ್ + ಟಿ) ಹತ್ತಿರ ನಿಲ್ಲುತ್ತದೆ. ಚಿಕಿತ್ಸೆಯಿಲ್ಲದ ಕಾಲದಲ್ಲಿ ಟಿ ಬಹುತೇಕ 1. ಪ್ರಮಾಣ 10% ಇರುವ ಕಡೆ ಎಸ್ ಸುಮಾರು 0.11 ಆಗುತ್ತದೆ. ಅಂದರೆ ಜೀನು ಇಲ್ಲದ ಮಕ್ಕಳಲ್ಲಿ ನೂರಕ್ಕೆ ಹನ್ನೊಂದು ಮಂದಿ, ಒಂದು ಪ್ರತಿ ಇರುವವರಿಗಿಂತ ಹೆಚ್ಚಾಗಿ, ಮಲೇರಿಯಾಕ್ಕೆ ಹೋಗುತ್ತಿದ್ದರು, ತಲೆಮಾರು ತಲೆಮಾರಿಗೂ. ಒಂದು ಪ್ರತಿ ಇರುವವರು 18%. ಎರಡು ಪ್ರತಿ ಹೊತ್ತು ನರಳುವ ಮಕ್ಕಳು 1%.

ನಮ್ಮಲ್ಲಿ ಇದು ಮೊದಲು ದಾಖಲಾದದ್ದು 1952ರಲ್ಲಿ, ನೀಲಗಿರಿಯ ಬುಡಕಟ್ಟುಗಳಲ್ಲಿ. ಕರ್ನಾಟಕದಲ್ಲಿ ಜೇನು ಕುರುಬ, ಬೆಟ್ಟ ಕುರುಬ, ಸೋಲಿಗ, ಯರವರಲ್ಲಿ ಇದೆ. ಚಾಮರಾಜನಗರ, ಎಚ್.ಡಿ. ಕೋಟೆ, ಕೊಡಗಿನ ಈ ಕಾಡಂಚು ಘಟ್ಟದ ಮಲೇರಿಯಾ ಸೀಮೆ. ಬೆಟ್ಟದ ಬುಡದ ಹರಿಯುವ ತೊರೆಗಳಲ್ಲಿ ಮೊಟ್ಟೆಯಿಡುವ ಅನಾಫಿಲಿಸ್ ಫ್ಲುವಿಯಾಟಿಲಿಸ್ ಸೊಳ್ಳೆಯದ್ದೇ ರಾಜ್ಯ.

ತುಂಗಾತೀರ

ಡಿಡಿಟಿ ಹೊಡೆದು ಮಲೇರಿಯಾ ಇಳಿದು 70 ವರ್ಷವಾಯಿತು. ಉಪಯೋಗವಿಲ್ಲದ ಜೀನು ಈಗ ಕಡಿಮೆಯಾಗುತ್ತಿರಬೇಕಲ್ಲವೇ?

ಪಿ_ಮೌಲ್ಯ

ಕಡಿಮೆಯಾಗುತ್ತದೆ, ಆಮೆಯ ವೇಗದಲ್ಲಿ. ಮಲೇರಿಯಾ ಪೂರ್ತಿ ಹೋಯಿತು, ಎರಡು ಪ್ರತಿ ಇದ್ದವರಿಗೆ ಮಕ್ಕಳೇ ಆಗುವುದಿಲ್ಲ ಅನ್ನುವ ಕಠೋರ ಊಹೆಯಲ್ಲೂ 10% ಇದ್ದದ್ದು 5%ಕ್ಕೆ ಇಳಿಯಲು ಹತ್ತು ತಲೆಮಾರು ಬೇಕು, ಸುಮಾರು 250 ವರ್ಷ. ಮುಂದಿನ ಅರ್ಧಕ್ಕೆ ಇಪ್ಪತ್ತು ತಲೆಮಾರು. ಜೀನಿನ ಬಹುಪಾಲು ಒಂದೇ ಪ್ರತಿ ಹೊತ್ತ, ಆರೋಗ್ಯವಾಗಿರುವ ಜನರಲ್ಲಿ ಅಡಗಿರುತ್ತದೆ, ಅಲ್ಲಿಗೆ ಆಯ್ಕೆಯ ಕೈ ಮುಟ್ಟುವುದಿಲ್ಲ. ಇದುವರೆಗಿನ ಮೂರು ತಲೆಮಾರಿಗೆ 10% ಇದ್ದದ್ದು 7.7% ಆಗಿರಬಹುದು, ಅಷ್ಟೇ. ಈಗ ಹೈಡ್ರಾಕ್ಸಿಯೂರಿಯಾ ಔಷಧ, ಲಸಿಕೆ, ಚಿಕಿತ್ಸೆ ಸಿಕ್ಕಿ ರೋಗಿಗಳು ಬದುಕಿ ಮಕ್ಕಳನ್ನು ಪಡೆಯುತ್ತಾರೆ. ಹಾಗಾಗಿ ಅಷ್ಟೂ ಇಳಿಯುವುದಿಲ್ಲ, ಇಳಿಯಬೇಕಾಗಿಯೂ ಇಲ್ಲ.

ಆಶಾಕಿರಣ_ಲ್ಯಾಬ್

2023ರ ಜುಲೈ 1ರಂದು ಶುರುವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಮಿಷನ್ನಿನಲ್ಲಿ ಕರ್ನಾಟಕವೂ ಇದೆ. ತಪಾಸಣೆ ಎಲ್ಲಿ ಎಡವುತ್ತದೆ ಅನ್ನುವುದು ಇಲ್ಲಿ ಬಂದಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ಸಾಲ್ಯುಬಿಲಿಟಿ ಟೆಸ್ಟ್ (ರಕ್ತದಲ್ಲಿ ಸಿಕಲ್ ಹೀಮೋಗ್ಲೋಬಿನ್ ಇದೆಯೇ ಎಂದು ನೋಡುವ ಮೊದಲ ಪರೀಕ್ಷೆ): ಡೈಥಯೋನೈಟ್, ಸಾಪೋನಿನ್ ಇರುವ ಫಾಸ್ಫೇಟ್ ಬಫರ್ 2 ಮಿ.ಲೀ., ಅದಕ್ಕೆ ರಕ್ತ 20 ಮೈಕ್ರೋಲೀಟರ್. ಕಲಕಿ ಐದು ನಿಮಿಷ ಬಿಟ್ಟು ಕೊಳವೆಯ ಹಿಂದೆ ಗೆರೆ ಎಳೆದ ಕಾಗದ ಹಿಡಿಯಬೇಕು. ಗೆರೆ ಕಾಣದಿದ್ದರೆ ಪಾಸಿಟಿವ್. ಹೀಮೋಗ್ಲೋಬಿನ್ 7ಕ್ಕಿಂತ ಕೆಳಗಿದ್ದರೆ 20 ಮೈಕ್ರೋಲೀಟರ್ ಸಾಲದು, ಸುಳ್ಳು ನೆಗೆಟಿವ್ ಬರುತ್ತದೆ, ದುಪ್ಪಟ್ಟು ಹಾಕಬೇಕು. ಡೈಥಯೋನೈಟ್ ತೇವ ಎಳೆದು ಹಳೆಯದಾಗಿದ್ದರೂ, ಫ್ರಿಜ್ಜಿನಿಂದ ತೆಗೆದ ತಣ್ಣನೆಯ ದ್ರಾವಣವನ್ನು ಹಾಗೇ ಬಳಸಿದರೂ ಅದೇ ಗತಿ. ರಕ್ತದಲ್ಲಿ ಕೊಬ್ಬು ಹೆಚ್ಚಿದ್ದರೆ ಕದಡಾಗಿ ಸುಳ್ಳು ಪಾಸಿಟಿವ್. ಆರು ತಿಂಗಳೊಳಗಿನ ಕೂಸಿಗೆ ಈ ಟೆಸ್ಟ್ ಮಾಡಲೇಬಾರದು, ಶಿಶು ಹೀಮೋಗ್ಲೋಬಿನ್ ಎಲ್ಲ ಮುಚ್ಚಿಹಾಕುತ್ತದೆ. ಮುಖ್ಯವಾಗಿ, ಒಂದು ಪ್ರತಿ ಇದ್ದರೂ ಎರಡಿದ್ದರೂ ಈ ಟೆಸ್ಟಿನಲ್ಲಿ ಒಂದೇ ಥರ ಕಾಣುತ್ತದೆ. ಇದೊಂದನ್ನೇ ನಂಬಿ ಯಾರಿಗೂ "ಕಾಯಿಲೆ ಇದೆ" ಅನ್ನಬೇಡಿ.

ಪಾಸಿಟಿವ್ ಬಂದವರಿಗೆಲ್ಲ ಹೀಮೋಗ್ಲೋಬಿನ್ನಿನ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ. ಒಂದು ಪ್ರತಿ ಇದ್ದವರಲ್ಲಿ ಎಸ್ (ಸಿಕಲ್ ಹೀಮೋಗ್ಲೋಬಿನ್) 35ರಿಂದ 40%, ಎ (ಸಾಮಾನ್ಯ ಹೀಮೋಗ್ಲೋಬಿನ್) ಅದಕ್ಕಿಂತ ಜಾಸ್ತಿ. ಎಸ್ 30%ಕ್ಕಿಂತ ಕೆಳಗಿದ್ದರೆ ಆಲ್ಫಾ ಥಲಸ್ಸೇಮಿಯಾ ಜೊತೆಗಿದೆಯೋ, ಕಬ್ಬಿಣದ ಕೊರತೆಯೋ ನೋಡಿ. ಆಲ್ಫಾ ಥಲಸ್ಸೇಮಿಯಾ ನಮ್ಮ ಬುಡಕಟ್ಟುಗಳಲ್ಲಿ ಸಾಮಾನ್ಯ. ಎಸ್ ಪ್ರಮಾಣ ಎಗಿಂತ ಹೆಚ್ಚಿದ್ದು ಎ2 (ಅಲ್ಪ ಪ್ರಮಾಣದಲ್ಲಿರುವ ಇನ್ನೊಂದು ಹೀಮೋಗ್ಲೋಬಿನ್) ಏರಿದ್ದರೆ ಸಿಕಲ್-ಬೀಟಾ ಥಲಸ್ಸೇಮಿಯಾ ಇರಬಹುದು, ತಂದೆತಾಯಿಯ ರಕ್ತವನ್ನೂ ನೋಡದೆ ತೀರ್ಮಾನ ಬೇಡ. ಮೂರು ತಿಂಗಳೊಳಗೆ ರಕ್ತ ಏರಿಸಿದ್ದರೆ ವರದಿ ದಾನಿಯದ್ದೇ ಹೊರತು ರೋಗಿಯದ್ದಲ್ಲ.

ಕೆಂಪುಕಣ

ಒಳ್ಳೆಯ ಪಟ್ಟಿ ಮೇಡಂ. ಇದಕ್ಕೊಂದು ಮಾತು ಸೇರಿಸಬೇಕು. ನಮ್ಮಲ್ಲಿರುವ ಸಿಕಲ್ ಜೀನು ಅರಬ್-ಇಂಡಿಯನ್ ಎಂದು ಕರೆಯುವ ಹ್ಯಾಪ್ಲೋಟೈಪಿನ (ಒಟ್ಟಿಗೆ ಸಾಗಿಬರುವ ಡಿಎನ್‌ಎ ತುಂಡಿನ ಬಗೆ) ಮೇಲೆ ಕೂತಿದೆ, ಅದರಲ್ಲಿ ಶಿಶು ಹೀಮೋಗ್ಲೋಬಿನ್ ದೊಡ್ಡವರಾದ ಮೇಲೂ 20%ದ ಆಸುಪಾಸು ಉಳಿಯುತ್ತದೆ. ಅದರಿಂದ ಕಾಯಿಲೆ ಎಷ್ಟೋ ಜನರಲ್ಲಿ ಸೌಮ್ಯ. ಸೌಮ್ಯ ಅಂದಮಾತ್ರಕ್ಕೆ ನೋವಿನ ದಾಳಿ ಇಲ್ಲವೆಂದಲ್ಲ. ಹಾಡಿಯಲ್ಲಿ ಕೈಕಾಲು ನೋವು, ಸುಸ್ತು ಅಂತ ವರ್ಷಗಟ್ಟಲೆ ನೋವಿನ ಮಾತ್ರೆ ನುಂಗುತ್ತಿರುವವರ ಎಚ್‌ಪಿಎಲ್‌ಸಿ ಆಗಿರುವುದಿಲ್ಲ.

ಗೌಡ್ರಮನೆ

ಜಿ6ಪಿಡಿ (ಕೆಂಪು ರಕ್ತಕಣವನ್ನು ಕಾಪಾಡುವ ಕಿಣ್ವ) ಕೊರತೆಯೂ ಮಲೇರಿಯಾದ ಕೊಡುಗೆಯೇ ಅಲ್ಲವೇ? ಅದು ಇರುವವರು ಅವರೆಕಾಳು ತಿನ್ನಬಾರದು ಅಂತ ಒಬ್ಬರು ಹೇಳಿದರು. ಸೊಗಡವರೆ ಕಾಲದಲ್ಲಿ ಇಂಥ ಮಾತು ಕೇಳಿದರೆ ಕಷ್ಟ.

ಕೆಂಪುಕಣ

ಅವರೆ ಧಾರಾಳವಾಗಿ ತಿನ್ನಿ. ರಕ್ತಕಣ ಒಡೆಸುವ ವಿಸಿನ್ ಇರುವುದು ವೀಸಿಯಾ ಫಾಬಾ ಎಂಬ ಕಾಳಿನಲ್ಲಿ, ಮೆಡಿಟರೇನಿಯನ್ ಸುತ್ತಿನ ದೇಶಗಳಲ್ಲಿ ಹೆಚ್ಚು ತಿನ್ನುತ್ತಾರೆ. ನಮ್ಮ ಅವರೆ ಲ್ಯಾಬ್‌ಲ್ಯಾಬ್, ಗಿಡವೇ ಬೇರೆ. ಇಂಗ್ಲಿಷಿನಲ್ಲಿ ಎರಡಕ್ಕೂ ಬೀನ್ ಅನ್ನುವುದರಿಂದ ಆದ ಎಡವಟ್ಟು.

ನಮ್ಮಲ್ಲಿ ನಿಜವಾದ ಅಪಾಯ ಪ್ರೈಮಾಕ್ವಿನ್. ವೈವ್ಯಾಕ್ಸ್ ಮಲೇರಿಯಾ ಯಕೃತ್ತಿನಲ್ಲಿ ಅಡಗಿ ಮರುಕಳಿಸದಂತೆ ಕಿಲೋಗೆ 0.25 ಮಿ.ಗ್ರಾಂ. ಲೆಕ್ಕದಲ್ಲಿ 14 ದಿನ ಕೊಡುತ್ತಾರೆ, ವಯಸ್ಕರಿಗೆ ದಿನಕ್ಕೆ 15 ಮಿ.ಗ್ರಾಂ. ಜಿ6ಪಿಡಿ ಕೊರತೆ ಇದ್ದರೆ ಕಣಗಳು ಒಡೆದು ಮೂತ್ರ ಕಪ್ಪು ಕಾಫಿಯಂತಾಗುತ್ತದೆ. ಕಂಡ ತಕ್ಷಣ ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಜೀನು ಎಕ್ಸ್ ಕ್ರೋಮೋಸೋಮಿನಲ್ಲಿ ಇರುವುದರಿಂದ ತೊಂದರೆ ಗಂಡಸರಲ್ಲಿ ಹೆಚ್ಚು. ಹೆಂಗಸರಲ್ಲಿ ಅರ್ಧಂಬರ್ಧ ಕೊರತೆ ಇದ್ದರೆ ಸಾಮಾನ್ಯ ಸ್ಪಾಟ್ ಟೆಸ್ಟಿಗೆ ಸಿಗುವುದೇ ಇಲ್ಲ. ಕಣ ಒಡೆದ ಹೊಸದರಲ್ಲಿ ಟೆಸ್ಟ್ ಮಾಡಿದರೂ ನಾರ್ಮಲ್ ಬರುತ್ತದೆ, ಹಳೆಯ ಕಣಗಳು ಹೋಗಿ ಕಿಣ್ವ ಚೆನ್ನಾಗಿರುವ ಎಳೆಯ ಕಣಗಳಷ್ಟೇ ಉಳಿದಿರುತ್ತವೆ. ಮೂರು ತಿಂಗಳು ಬಿಟ್ಟು ಮತ್ತೆ ಮಾಡಬೇಕು.

ತುಂಗಾತೀರ

ಕೋವಿಡ್? ನಿಯಾಂಡರ್ತಾಲರಿಂದ ಬಂದ ತುಂಡು ನಮ್ಮಲ್ಲೇ ಜಾಸ್ತಿ ಅಂತ ಓದಿದ್ದೆ.

ಹಳೆಮೂಳೆ

ಹೌದು, 3ನೇ ಕ್ರೋಮೋಸೋಮಿನಲ್ಲಿ ಸುಮಾರು 50,000 ಅಕ್ಷರಗಳ ತುಂಡು. ದಕ್ಷಿಣ ಏಷ್ಯಾದ ಅರ್ಧದಷ್ಟು ಜನರಲ್ಲಿ ಒಂದು ಪ್ರತಿಯಾದರೂ ಇದೆ, ಯುರೋಪಿನಲ್ಲಿ 16%, ಬಾಂಗ್ಲಾದೇಶದಲ್ಲಿ 63%. 2020ರಲ್ಲಿ ಜೆಬರ್ಗ್ ಮತ್ತು ಪಾಬೊ ತೋರಿಸಿದ್ದು. ತೀವ್ರ ಕೋವಿಡ್ ಅಪಾಯ ಹೆಚ್ಚಿಸುತ್ತದೆ. ಕೋವಿಡ್ಡಿನಿಂದ ಅದು ಇನ್ನು ಕಡಿಮೆಯಾಗುತ್ತದೆಯೇ ಅಂದರೆ ಇಲ್ಲ, ಸತ್ತವರಲ್ಲಿ ಬಹುಪಾಲು ಮಕ್ಕಳು ಮೊಮ್ಮಕ್ಕಳಿದ್ದ ಹಿರಿಯರು. ಬಂಗಾಳದಲ್ಲಿ ಅದು ಇಷ್ಟು ಹೆಚ್ಚಿರುವುದು ಹಿಂದೊಮ್ಮೆ ಬೇರೆ ರೋಗದಿಂದ ಕಾಪಾಡಿದ್ದಕ್ಕೋ ಅನ್ನುವ ಊಹೆ ಇದೆ, ಕಾಲರಾ ಹೆಸರು ಕೇಳಿಬರುತ್ತದೆ, ಸಾಬೀತಾಗಿಲ್ಲ. ಗಂಗಾ ಮುಖಜಭೂಮಿಯಲ್ಲಿ ಕಾಲರಾದ ಒತ್ತಡ ಇತ್ತೆನ್ನುವುದಕ್ಕೆ 2013ರ ಬಾಂಗ್ಲಾದೇಶದ ಅಧ್ಯಯನದಲ್ಲಿ ಬೇರೆ ಪುರಾವೆಗಳಿವೆ. ಕಾಲರಾ ಬಂದರೆ ಹೆಚ್ಚು ನರಳುವ ಓ ರಕ್ತದ ಗುಂಪು ಅಲ್ಲಿ ಕಡಿಮೆ ಇರುವುದನ್ನೂ ಅದರ ಜೊತೆಗಿಟ್ಟು ಮಾತಾಡುತ್ತಾರೆ.

ಪಿ_ಮೌಲ್ಯ

ಒಂದು ಎಚ್ಚರಿಕೆ. ಯಾವುದೋ ಸಮುದಾಯದಲ್ಲಿ ಒಂದು ಅಲೀಲ್ ಜಾಸ್ತಿ ಇದೆ ಅಂದ ತಕ್ಷಣ ಹಿಂದೆ ಯಾವುದೋ ರೋಗ ಇತ್ತು ಅಂತ ಹೊರಡಬೇಡಿ. ಆರ್ಯ ವೈಶ್ಯರಲ್ಲಿ ಬ್ಯುಟೈರಿಲ್‌ಕೋಲಿನೆಸ್ಟರೇಸ್ ಕಿಣ್ವದ ಕೊರತೆ ಬೇರೆಯವರಿಗಿಂತ ಎಷ್ಟೋ ಪಟ್ಟು ಹೆಚ್ಚು. ಆಪರೇಷನ್ನಿನಲ್ಲಿ ಸಕ್ಸಿನೈಲ್‌ಕೋಲಿನ್ ಕೊಟ್ಟರೆ ಉಸಿರಾಟದ ಸ್ನಾಯುಗಳು ಗಂಟೆಗಟ್ಟಲೆ ಏಳುವುದಿಲ್ಲ, ಹಾಗಾಗಿ ಅರಿವಳಿಕೆ ವೈದ್ಯರಿಗೆ ಮೊದಲೇ ಹೇಳಬೇಕು. ಇದರ ಹಿಂದೆ ಸಾಂಕ್ರಾಮಿಕ ಇಲ್ಲ. ಮೂಲದಲ್ಲಿ ಕೆಲವೇ ಪೂರ್ವಜರು, ಆಮೇಲೆ ನೂರಾರು ವರ್ಷದ ಒಳಮದುವೆ, ಅಷ್ಟೇ.

ಮಲೆನಾಡಿಗ_83

ಎಲ್ಲರಿಗೂ ಧನ್ಯವಾದ. ಕನ್ನಡಿಗರ ಪ್ರಮಾಣಗಳನ್ನು ನಾವೇ ನೋಡಬಹುದಾದ ಜಾಗ ಇದೆಯೇ?

ಹಳೆಮೂಳೆ

1000 ಜೀನೋಮ್ಸ್‌ನಲ್ಲಿ (ಸಾರ್ವಜನಿಕ ಜೀನೋಮ್ ಸಂಗ್ರಹ) ಕನ್ನಡಿಗರ ಗುಂಪೇ ಇಲ್ಲ. ದಕ್ಷಿಣದ ಲೆಕ್ಕಕ್ಕೆ ಇರುವುದು ಬ್ರಿಟನ್ನಿನಲ್ಲಿ ನೆಲೆಸಿದ ತೆಲುಗರು ಮತ್ತು ಶ್ರೀಲಂಕಾ ತಮಿಳರು. ಅಲ್ಲಿ ಸಿಕಲ್ ಜೀನು ಸೊನ್ನೆ ಕಂಡರೆ ನಾಗರಹೊಳೆ ಕಾಡಂಚಿನಲ್ಲೂ ಸೊನ್ನೆ ಅಂತ ಓದಬೇಡಿ. ಐಐಎಸ್‌ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ ನಡೆದ ಜೀನೋಮ್‌ಇಂಡಿಯಾದಲ್ಲಿ ಸುಮಾರು 10,000 ಜನರ ಜೀನೋಮ್ ಇದೆ. ವೈಯಕ್ತಿಕ ದತ್ತಾಂಶ ಬೇಕಿದ್ದರೆ ಸಂಶೋಧಕರು ಅರ್ಜಿ ಹಾಕಬೇಕು.

ನೋಮ್ಯಾಡ್‌ನಲ್ಲಿ (ಜೀನು ವ್ಯತ್ಯಾಸಗಳ ಸಾರ್ವಜನಿಕ ಜಾಲತಾಣ) ಹುಡುಕುವುದಾದರೆ ಸಿಕಲ್ ಸ್ಥಾನದ ಸಂಖ್ಯೆ ಆರ್‌ಎಸ್334. ಹೊಸ ನಕ್ಷೆ ಜಿಆರ್‌ಸಿಎಚ್38ರಲ್ಲಿ 11ನೇ ಕ್ರೋಮೋಸೋಮ್, 5227002. ಅಲ್ಲಿ ಟಿ ಹೋಗಿ ಎ ಅಂತ ತೋರಿಸುತ್ತದೆ, ಪುಸ್ತಕದಲ್ಲಿ ಎ ಹೋಗಿ ಟಿ ಅಂತ ಇರುತ್ತದೆ. ಬೀಟಾ ಗ್ಲೋಬಿನ್ ಜೀನು ಎದುರು ಎಳೆಯಲ್ಲಿರುವುದೇ ಕಾರಣ, ತಪ್ಪು ಸ್ಥಾನಕ್ಕೆ ಬಂದೆವು ಅಂತ ಗಾಬರಿಯಾಗಬೇಡಿ. ಹಳೆಯ ಪುಸ್ತಕದ 6ನೇ ಅಮೈನೋ ಆಮ್ಲ ಹೊಸ ಪದ್ಧತಿಯಲ್ಲಿ 7 ಆಗಿದೆ, ಮೊದಲ ಮೆಥಿಯೋನಿನ್ ಅನ್ನೂ ಎಣಿಸುತ್ತಾರೆ.